ಮ್ಯಾಟಿನಿ ನೋಡಿದ ಮರುದಿನ

ನಮ್ಮ ಮನೆಯವರನ್ನು ಕಾರು ಬೆನ್ನಟ್ಟುವ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಅಂದಾಗ ಅತ್ತೆ ಹಣೆ ಹಣೆ ಬಡಿದುಕೊಂಡರು.

"ಗಾಯದ ಮ್ಯಾಲ ಉಪ್ಪ ಹಚ್ಚತೀಯೇನ ಯವ್ವಾ? ಗಾಡಿ ಅಂದ್ರ ಸಾಕು, ಅಂವಾ ನಡಗತಾನ."

"ಮುಳ್ಳಿಲೇ ಮುಳ್ಳ ತಗೀಬೇಕ್ರಿ ಅತ್ತಿ," ಅಂದೆ. ನಾನು ಒಮ್ಮೆ ಹಟ ಹಿಡಿದರೆ ಮುಗಿಯಿತು. ಬೀಡಿ ಎಂಬ ಊರಿನ ನನ್ನ ತವರುಮನೆಯಿಂದ ಬೇರೇನು ತಂದೆನೋ ಬಿಟ್ಟೆನೋ, ಅದನ್ನಂತೂ ತಂದಿದ್ದೇನೆ.

ವಡಗಾವಿಯ ಮಗ್ಗಗಳಿಂದ ಸೀರೆಯ ಗಂಟು ತುಂಬಿಕೊಂಡು ಖಾನಾಪುರದ ಅಂಗಡಿಗಳಿಗೆ ಮುಟ್ಟಿಸುವುದು ನಮ್ಮ ಮನೆಯವರ ಕೆಲಸ. ಸಣ್ಣ ಟೆಂಪೊ, ನಮ್ಮದೇ. ಬೇಸಿಗೆಯಲ್ಲಿ ಖಾನಾಪುರ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂತು. ತಪ್ಪಿಸಲು ಹೋಗಿ ಗಾಡಿ ತಗ್ಗಿಗೆ ಇಳಿದು ಮಗುಚಿತು. ಎಮ್ಮೆಗೆ ಏನೂ ಆಗಲಿಲ್ಲ, ಇವರಿಗೆ ಮೊಣಕೈ ತರಚಿತು ಅಷ್ಟೇ. ಗ್ಯಾರೇಜಿನವನು ಗಾಡಿ ಸರಿಮಾಡಿ ಮನೆ ಮುಂದೆ ತಂದು ನಿಲ್ಲಿಸಿದ. ಇವರು ಮಾತ್ರ ಸರಿಯಾಗಲಿಲ್ಲ. ಸತ್ತರೂ ಸ್ಟೇರಿಂಗ್ ಮುಟ್ಟುವುದಿಲ್ಲ ಅಂದರು. ಬೇರೆಯವರು ಓಡಿಸಿದರೆ ಪಕ್ಕದಲ್ಲಿ ಕೂಡಲೂ ಒಲ್ಲರು. ಕಡೆಗೆ ಖಾಸಬಾಗದ ವ್ಯಾಪಾರಿಯೊಬ್ಬ ಗಾಡಿ ಕೇಳಿದಾಗ, ಅಮಾವಾಸ್ಯೆ ಕಳೆದ ಮೇಲೆ ಒಯ್ಯಿರಿ ಅಂದುಬಿಟ್ಟರು.

ಅಮಾವಾಸ್ಯೆ ಅಂದೆನಲ್ಲ, ಅದೊಂದು ದೊಡ್ಡ ಕತೆ. ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು, ಪೂಜೆ ಮಾಡಿ, ಗಾಲಿಗೊಂದು ನಿಂಬೆಹಣ್ಣು ಇಟ್ಟು, ಅದರ ಮೇಲೆ ಗಾಡಿ ಹಾಯಿಸಬೇಕು. ಗಾಡಿ ನಿಂತರೂ ಅತ್ತೆ ಪೂಜೆ ನಿಲ್ಲಿಸಲಿಲ್ಲ. ಓಡಿಸುವವರಿಲ್ಲ, ಹಾಗಾಗಿ ಓಣಿಯ ಗಂಡಸರು ಸೇರಿ ಹಿಂದಿನಿಂದ ನೂಕುವರು. ನಿಂಬೆಹಣ್ಣು ಪಚಕ್ಕೆಂದು ಒಡೆಯುವವು. ಮತ್ತೆ ಮುಂದಿನಿಂದ ನೂಕಿ ಇದ್ದಲ್ಲಿಗೇ ತಂದು ನಿಲ್ಲಿಸುವರು. ಅತ್ತೆಗೆ ಸಮಾಧಾನ, ನನಗೆ ಮೈಯೆಲ್ಲ ಉರಿ. ಎಂಜಿನ್ ಇದ್ದ ಗಾಡಿಯನ್ನು ನೂಕಿ ದೇವರಿಗೆ ಟೋಪಿ ಹಾಕುವುದೆಂದರೇನು?

ಅದಕ್ಕೇ ಸಿನಿಮಾ. ಬೇರೆ ದೇಶದ್ದು, ಹಿಂದಿ ಮಾತು ಹಚ್ಚಿದ್ದು. ತಲೆ ನರೆತ ಒಬ್ಬ ಹೆಂಗಸು, ಅವಳದೊಂದು ಹಳದಿ ಕಾರು, ಸೇತುವೆಗಳೇ ತುಂಬಿದ ಊರು. ಸಾಕ್ಷಿ ಹೇಳಬೇಕಾದ ಮುದುಕನೊಬ್ಬನನ್ನು ಆಕೆ ಕೋರ್ಟಿಗೆ ಮುಟ್ಟಿಸಬೇಕು, ಹಿಂದೆ ಕೊಲೆಗಡುಕರ ಕಾರುಗಳು. ಬೀದಿಯ ದೀಪಗಳು ಒಮ್ಮೆ ನೀಲಿ, ಒಮ್ಮೆ ಕುಂಕುಮಗೆಂಪು. ಖರೇ ಊರಲ್ಲಿ ಯಾರು ಹಾಗೆ ದೀಪ ಹಚ್ಚುತ್ತಾರೆ? ಆದರೆ ಆ ಸಂಗೀತ, ಅಬ್ಬಬ್ಬಾ! ದೊಡ್ಡದೊಂದು ಡೋಲು, ಅದರ ಮೇಲೆ ಒಂದೇ ತಂತಿಯ ರಾಗ. ಡೋಲಿನ ಪೆಟ್ಟಿಗೆ ಸರಿಯಾಗಿ ಗೇರು ಬೀಳುತ್ತಿತ್ತು, ವೈಪರ್ ಹೊರಳುತ್ತಿತ್ತು, ಕಾರು ಮೂಲೆ ತಿರುಗುತ್ತಿತ್ತು. ಕುರ್ಚಿ ಸಹ ಅದುರುತ್ತಿತ್ತು.

ನಮ್ಮ ಮನೆಯವರು ಬಲಗಾಲಿನಿಂದ ನೆಲವನ್ನು ಒತ್ತಿ ಒತ್ತಿ ಬ್ರೇಕು ಹಾಕುತ್ತಿದ್ದರು. ಇಂಟರ್ವಲ್‌ನಲ್ಲಿ, "ಮನಿಗೆ ಹೋಗೂಣು," ಅಂದರು.

"ಒಲ್ಲೆ. ಕುಂದರ್ರಿ."

ಕುಳಿತರು, ಆದರೆ ಮುಖದ ಮೇಲೆ ಟವೆಲ್ ಎಳೆದುಕೊಂಡರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹಾಳಾಗಿ ಹೋಗಲಿ ಅಂತ ಅವರನ್ನು ಬಿಟ್ಟು ಸಿನಿಮಾ ನೋಡಿದೆ. ನೋಡುತ್ತ ನೋಡುತ್ತ ನನ್ನದೇ ಕೈ ಗೇರು ಹುಡುಕತೊಡಗಿತು. ಬೀಡಿಯಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿ ಬೆಳೆದವಳು ನಾನು. ಮದುವೆಯಾದ ಹೊಸದರಲ್ಲಿ ಇವರೇ ಆಸೆಪಟ್ಟು ಲೈಸೆನ್ಸ್ ಮಾಡಿಸಿಕೊಟ್ಟಿದ್ದರು, ಅದು ಟ್ರಂಕಿನಲ್ಲಿ ಬೆಚ್ಚಗೆ ಮಲಗಿತ್ತು. ಇವರನ್ನು ಎಬ್ಬಿಸುವುದು ಅತ್ತ ಇರಲಿ, ನಾನೇ ಯಾಕೆ ಏಳಬಾರದು?

ಮರುದಿನವೇ ಅಮಾವಾಸ್ಯೆ. ಅತ್ತೆ ನಿಂಬೆಹಣ್ಣು ಇಟ್ಟರು. ಗಂಡಸರು ತೋಳು ಮಡಚಿಕೊಂಡು ಬಂದರು.

"ಯಾರೂ ನೂಕೂದು ಬ್ಯಾಡ. ಬಾಜೂಕ ಸರೀರಿ," ಅಂದೆ. ಸೆರಗು ಸಿಕ್ಕಿಸಿ ಹತ್ತಿ ಕುಳಿತೆ. ಗಾಡಿ ಎರಡು ಸಲ ಕೆಮ್ಮಿ ಶುರುವಾಯಿತು. ನಿಂಬೆಹಣ್ಣು ಒಡೆದವು. ಅಲ್ಲಿಗೆ ನಿಲ್ಲಿಸುತ್ತೇನೆ ಅಂತ ಎಲ್ಲರೂ ತಿಳಿದಿದ್ದರು. ನಾನು ನಿಲ್ಲಿಸಲಿಲ್ಲ.

"ನಿಂದರಸಲೇ! ಹುಚ್ಚ ಹಿಡದೈತೇನ ನಿನಗ!" ಅಂತ ಇವರು ಪಕ್ಕದಲ್ಲೇ ಓಡುತ್ತ ಬಂದರು. ಓಣಿಯ ತಿರುವಿನಲ್ಲಿ ಕೈಗಾಡಿಯೊಂದು ಅಡ್ಡ ಸಿಕ್ಕು ನನ್ನ ಗಾಡಿ ನಿಧಾನವಾದದ್ದೇ ತಡ, ಬಾಗಿಲು ತೆಗೆದು ಒಳಗೆ ಜಿಗಿದು ಹ್ಯಾಂಡ್‌ಬ್ರೇಕಿಗೆ ಕೈ ಹಾಕಿದರು. ಆ ಕೈಗೆ ಚಟ್ಟನೆ ಹೊಡೆದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅದೇ ಮೊದಲು.

ಖಾನಾಪುರ ರಸ್ತೆ ಹಿಡಿದೆ. ಪೀರಣವಾಡಿ ದಾಟುವವರೆಗೂ ಬೈದರು. "ಕ್ಲಚ್ ಬಿಡಬ್ಯಾಡ, ಎಡಕ್ಕ ತಗೋ, ಯಪ್ಪಾ ಶಿವನ, ಕೊಂದ ಬಿಡತಾಳ ಇಕಿ!" ಆಮೇಲೆ ಗಾಡಿ ಮಗುಚಿದ ಆ ತಗ್ಗು ಹತ್ತಿರ ಬಂತು. ಇವರು ಡ್ಯಾಶ್‌ಬೋರ್ಡನ್ನು ಗಟ್ಟಿಯಾಗಿ ಹಿಡಿದರು. ಸುಳ್ಳು ಯಾಕೆ ಹೇಳಲಿ, ನನಗೂ ಹೆದರಿಕೆಯಾಗಿತ್ತು. ಧೈರ್ಯಕ್ಕೆ ಸಿನಿಮಾದ ಆ ರಾಗವನ್ನೇ ಗುನುಗತೊಡಗಿದೆ.

"ಹಂಗಲ್ಲ ಅದು," ಅಂದರು ಇವರು. ಡ್ಯಾಶ್‌ಬೋರ್ಡಿನ ಮೇಲೆ ಬೆರಳು ಬಡಿದರು. ಸರಿಯಾದ ತಾಳ, ಎಲ್ಲಿಯೂ ತಪ್ಪಲಿಲ್ಲ.

"ನೀವು ಮಕ್ಕೊಂಡಿದ್ರೆಲ್ಲಾ?"

"ಕಣ್ಣ ಮುಚ್ಚಿದ್ನಿ. ಕಿವಿ ಮುಚ್ಚಿದ್ನೇನ?"

ಇವರು ಬಡಿಯುತ್ತ ಹೋದರು, ನಾನು ಗೇರು ಬದಲಿಸುತ್ತ ಹೋದೆ. ತಗ್ಗು ಹಿಂದೆ ಬಿತ್ತು. ಇಬ್ಬರೂ ಆ ಕಡೆ ನೋಡಲಿಲ್ಲ.

ಖಾನಾಪುರದಲ್ಲಿ ಚಹದಂಗಡಿಯ ಮುಂದೆ ನಿಲ್ಲಿಸಿದೆ. ಇವರು ಇಳಿದು, ಗಾಡಿಗೆ ಒಂದು ಸುತ್ತು ಹಾಕಿ, ನಾಲ್ಕೂ ಗಾಲಿ ಒತ್ತಿ ನೋಡಿದರು. ಇನ್ನೇನು ಚಾವಿ ಕೇಳುತ್ತಾರೆ, ಬರುವಾಗ ತಾವೇ ಓಡಿಸುತ್ತಾರೆ ಅಂತ ನಾನು ಉಸಿರು ಹಿಡಿದು ನಿಂತಿದ್ದೆ. ಕೇಳಲಿಲ್ಲ. ಫೋನು ತೆಗೆದು ಖಾಸಬಾಗದ ವ್ಯಾಪಾರಿಗೆ ಹಚ್ಚಿದರು.

"ಗಾಡಿ ಕೊಡೂದಿಲ್ರಿ. ಹೌದ್ರಿ, ಖರೇನ. ನಮ್ಮ ಮನಿಯಾಕಿ ಓಡಸತಾಳ."

ಮಂದಿಯ ಎದುರೇ ನನಗೆ ಗಳಗಳ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದೆ, "ಮತ್ತ ನೀವು?"

ಅವರು ನನ್ನ ಕಡೆ ನೋಡಲಿಲ್ಲ, ಗಾಡಿಯ ಕಡೆ ನೋಡಿದರು.

"ಬಾಜೂಕ ನಾ ಕುಂದರತೀನಿ."