ಕಾವಿಗೆ ನಿಲ್ಲುವ ಪಟ್ಟಿ

ಅಕ್ಕ ಅಮದಳ್ಳಿಯಲ್ಲಿ ಗೇರುಬೀಜದ ಸಣ್ಣ ಘಟಕ ಹಾಕಿದ್ದಳು. ನಂದು ಅಂಕೋಲೆಯಲ್ಲಿ ಲೇತ್ ಅಂಗಡಿ. ಎಸ್‌ಟಿಡಿ ಬೂತ್‌ಗಳು ಇನ್ನೂ ಇದ್ದ ಕಾಲ, ಮಳೆಗಾಲ ಬೇರೆ. ಅವಳ ಡ್ರೈಯರ್ ಬಾಡಿಗೆಯದು. ಈ ಸಲದ ಮಾಲೂ ಕೆಟ್ಟು ಬಾಡಿಗೆ ನಿಂತರೆ ಅದನ್ನು ಎತ್ತಿಕೊಂಡು ಹೋಗುತ್ತೇನೆ ಎಂದು ಅದರ ಮಾಲಕ ಹೇಳಿಯಾಗಿತ್ತು. ಹೋದರೆ ಅಕ್ಕನೂ ಅವಳ ಜೊತೆ ಸಿಪ್ಪೆ ಸುಲಿಯುವ ಹೆಂಗಸರೂ ಮತ್ತೆ ಯಾರದೋ ಗದ್ದೆಗೆ ಕೂಲಿಗೆ.

ಆ ಡ್ರೈಯರಿನಲ್ಲಿ ಮುರಿದದ್ದಾದರೂ ಎಂತ? ಉಗುರಿಗಿಂತ ತೆಳ್ಳಗಿನ ಒಂದು ಸ್ಪ್ರಿಂಗ್ ಪಟ್ಟಿ! ಒಲೆಯ ಬಿಸಿಗಾಳಿ ಹೆಚ್ಚಾದರೆ ಪುಟ್ಟದೊಂದು ಬಾಗಿಲು ತಳ್ಳಿಕೊಂಡು ಹೊರಗೆ ಹೋಗಬೇಕು, ಕಡಿಮೆಯಾದರೆ ಪಟ್ಟಿ ಅದನ್ನು ಒತ್ತಿ ಮುಚ್ಚಬೇಕು. ಪಟ್ಟಿ ದಪ್ಪವಾದರೆ ಬಾಗಿಲು ತೆರೆಯುವುದೇ ಇಲ್ಲ. ಅಕ್ಕ ಪಟ್ಟಿಯ ಬದಲು ತಂತಿ ಬಿಗಿದು ನೋಡಿದ್ದಳು, ಗೋಡಂಬಿ ಸೀದು ಕರಿಯಾಯಿತು.

ಗಟ್ಟಿ ಇದ್ದದ್ದು ಬೆಂಕಿಗೂ ಗಟ್ಟಿ ಅಂತ ನನ್ನ ಲೆಕ್ಕ. ಹಳೆ ಗಡಿಯಾರದ ಸ್ಪ್ರಿಂಗ್ ಕತ್ತರಿಸಿ ಕೂರಿಸಿದೆ. ತಣ್ಣಗಿದ್ದಾಗ ಟಣ್ ಎನ್ನುತ್ತಿತ್ತು, ಒಲೆ ಉರಿದದ್ದೇ ಜೋತುಬಿತ್ತು.

“ಎಂತದೋ ತಮ್ಮಾ, ನಿನ್ನ ಪಟ್ಟಿಗೆ ಜ್ವರ ಬಂತಾ?” ಎಂದಳು ಅಕ್ಕ. ಹೆಂಗಸರೆಲ್ಲ ನಕ್ಕರು, ನಾನೂ ನಕ್ಕೆ.

ಆಮೇಲೆ ಸ್ಟೇನ್‌ಲೆಸ್ ತಗಡು. ತುಕ್ಕೇನೋ ಹಿಡಿಯಲಿಲ್ಲ, ಕಾವಿಗೆ ಬಾಗಿದ್ದು ತಿರುಗಿ ಬರಲೂ ಇಲ್ಲ. ಕರೆಂಟ್ ಒಲೆಯ ಪಟ್ಟಿ ಹಾಕಿದೆ. ಕೆಂಪಗೆ ಕಾದರೂ ಸುಡದ ಲೋಹವಪ್ಪಾ ಅದು! ಸುಡಲಿಲ್ಲ, ಪುಟಿಯಲೂ ಇಲ್ಲ. ಸುಡದೇ ಇರುವುದು ಬೇರೆ, ಸುಡುವ ಕಾವಿನಲ್ಲೂ ಪುಟಿಯುವುದು ಬೇರೆ. ಅಷ್ಟು ತಿಳಿಯುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ನನ್ನ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು.

ಬೂತ್‌ನಿಂದ ಹುಬ್ಬಳ್ಳಿಯ ಲೋಹದಂಗಡಿಗೆ ಫೋನ್ ಹಚ್ಚಿದೆ.

“ಅದಕ್ಕ ನಿಕಲ್ ಬೆರೆಸಿದ ಸ್ಪ್ರಿಂಗ್ ಪಟ್ಟೀನ ಬೇಕ್ರೀ. ಮುಂಬೈಯಿಂದ ತರಿಸ್ಬೇಕು.”

“ಬೇಗ ತರಿಸಿ ಮಾರಾಯ್ರೆ, ನಿಮ್ಮ ಕಾಲಿಗೆ ಬೀಳ್ತೇನೆ!” ಎಂದು ಬೂತ್‌ನಲ್ಲೇ ಕೂಗಿದೆ. ನಿಜವಾಗಿ ಬೀಳುತ್ತಿದ್ದೆ.

ಮಳೆ ಬಿಡಲಿಲ್ಲ. ಅಕ್ಕ ಗೋಡಂಬಿಯ ತಟ್ಟೆಗಳನ್ನು ಅಡುಗೆ ಒಲೆಯ ಮೇಲೆ ಹಿಡಿದು ಹಿಡಿದು ಕೈಗೆ ಬೊಬ್ಬೆ ಬರಿಸಿಕೊಂಡಳು. ಒಂದು ಬೆಳಿಗ್ಗೆ ಬೊಗಸೆ ಗೋಡಂಬಿ ಮೂಸಿ ನೋಡಿದಳು. ಮಾಲೆಲ್ಲ ಬೂಸ್ಟು ಹಿಡಿದಿತ್ತು. ಯಾರನ್ನು ಬೈಯುವುದು? ಮಳೆಯನ್ನೇ ಬಾಯಿಗೆ ಬಂದ ಹಾಗೆ ಬೈದೆ.

ಪಟ್ಟಿ ಬಸ್ಸಿನಲ್ಲಿ ಬಂತು. ಕತ್ತರಿಸಿ, ಅಳೆದು, ಕೂರಿಸಿ, ಖಾಲಿ ಡ್ರೈಯರಿನ ಒಲೆಗೇ ಬೆಂಕಿ ಹಾಕಿದೆ. ಬಾಗಿಲು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

“ಅಕ್ಕಾ, ನೋಡೇ!”

ಬಂದು ನಿಂತು ನೋಡಿದಳು. ನಮ್ಮ ದುಡ್ಡಿನ ಪಟ್ಟಿಯಾದರೂ ಉಳಿಯಲಿ ಎಂದು ಅದನ್ನು ಕಳಚಲು ನಾನು ಸ್ಪ್ಯಾನರ್ ಎತ್ತಿದಾಗ ಕೈ ಹಿಡಿದಳು.

“ಇರ್ಲಿ, ತೆಗೀಬೇಡ. ನಾಳೆ ಮಾಲಕ್ರು ಡ್ರೈಯರ್ ಒಯ್ಲಿಕ್ಕೆ ಬರ್ತಾರೆ. ಮುರಿದದ್ದನ್ನ ಕೊಡುದು ಬೇಡ.”