ಡೊರೊಟ್ಕಾ ಕುಣಿಯುವ ಹಿಂದಿನ ದಿನ ಸುಟ್ಟ ಬಿಸ್ಕತ್ತು

ಗಂಡ ಇಗ್ನಾತ್ಸ್ ಸತ್ತಾಗ ಒಟೀಲಿಯಾ ಅಳಲಿಲ್ಲವೆಂದು ಊರಿನವರು ಇಂದಿಗೂ ಆಡಿಕೊಳ್ಳುತ್ತಾರೆ. ಬದುಕಿದ್ದಷ್ಟು ಕಾಲವೂ ಅವನು ಅವಳನ್ನು ಹೊಡೆದ. ದ್ರಾಕ್ಷಿ ಹಿಂಡಿ ವೈನ್ ಮಾಡುವ ಕಾಲ ಬಂತೆಂದರೆ ಅವನ ಕೈ ಇನ್ನೂ ಭಾರವಾಗುತ್ತಿತ್ತು. ಒಮ್ಮೆ ಅವಳ ಕಿವಿಯ ತಮಟೆ ಹರಿಯಿತು, ಇನ್ನೊಮ್ಮೆ ಪಕ್ಕೆಲುಬು ಮುರಿಯಿತು. ಮಾರನೆಯ ಬೆಳಿಗ್ಗೆ ತಲೆವಸ್ತ್ರವನ್ನು ಊದಿದ ಕಣ್ಣಿನವರೆಗೆ ಎಳೆದುಕೊಂಡು, ಶಿಶುವಿಹಾರದ ಅಡುಗೆಮನೆಗೆ ಹೋಗಿ ಮಕ್ಕಳಿಗೆ ಸೂಪು ಕುದಿಸುತ್ತಿದ್ದಳು. ಅವಳು ಒಮ್ಮೆಯೂ ತಿರುಗಿ ಕೈ ಎತ್ತಲಿಲ್ಲ. "ಸುಮ್ನೆ ನಿಂತ್ಕೊಂಡ್ರೆ ಬೇಗ ಸುಸ್ತಾಗ್ತಾನೆ ಕಣೇ," ಎಂದು ಪಕ್ಕದ ಮನೆಯ ಹೆರ್ಮೀನಾಳಿಗೆ ಹೇಳುತ್ತಿದ್ದಳು.

ಮಗಳು ಬ್ಲಾಜೆನಾ ಅದನ್ನೆಲ್ಲ ನೋಡುತ್ತಲೇ ಬೆಳೆದಳು. ಬೆಳೆದು, ಹುಡುಕಿದವಳಂತೆ, ಅಂಥವನನ್ನೇ ಕಟ್ಟಿಕೊಂಡಳು. ಅವನ ಹೆಸರು ರೂಡೊ. ಆ ವರ್ಷದ ಬೇಸಿಗೆಯಲ್ಲಿ ಅವಳು ತುಟಿ ಒಡೆಸಿಕೊಂಡು, ಏಳು ವರ್ಷದ ಮಗಳು ಡೊರೊಟ್ಕಾಳ ಕೈ ಹಿಡಿದು ತವರಿನ ಬಾಗಿಲಲ್ಲಿ ನಿಂತಾಗ ಒಟೀಲಿಯಾ ಹಾಸಿಗೆ ಹಾಸಿಕೊಟ್ಟಳು.

ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ ಡೊರೊಟ್ಕಾಳ ಮೊದಲ ಬ್ಯಾಲೆ. ಶನಿವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಮೂವರೂ ಕುಳಿತು ಜೇನಿನ ಬಿಸ್ಕತ್ತು ಸಿಂಗರಿಸುತ್ತಿದ್ದರು. ಕುಣಿಯುವ ಹುಡುಗಿಯ ಆಕಾರಕ್ಕೆ ಕತ್ತರಿಸಿದ ಬಿಸ್ಕತ್ತುಗಳ ಮೇಲೆ ಮಗು ಕಾಗದದ ಕೊಳವೆ ಒತ್ತಿ, ಸಕ್ಕರೆ ಮತ್ತು ಮೊಟ್ಟೆಯ ಬಿಳಿಯಿಂದ ಲಂಗ ಬರೆಯುತ್ತಿತ್ತು.

"ಅಜ್ಜಿ, ಇವ್ಳು ತುಂಬಾ ದಪ್ಪ ಆಗ್ಬಿಟ್ಲು."

"ಆಗ್ಲಿ ಬಿಡು. ನಿಮ್ಮ ಡ್ಯಾನ್ಸ್ ಮೇಡಂ ಥರಾನೇ ಇದ್ದಾಳೆ."

ಬ್ಲಾಜೆನಾ ನಕ್ಕಳು. ಅವಳು ನಗುವುದನ್ನು ಕೇಳಿ ಬಹಳ ದಿನವಾಗಿತ್ತು.

ಅಷ್ಟರಲ್ಲಿ ಮುಂಬಾಗಿಲಿನ ಗಾಜು ಒಡೆದ ಸದ್ದಾಯಿತು. ಒಡೆದ ಕಿಂಡಿಯಿಂದ ಕೈ ತೂರಿಸಿ, ಚಿಲಕ ತೆಗೆದು ರೂಡೊ ಒಳಗೆ ಬಂದ. ಮುಂಗೈಯಿಂದ ರಕ್ತ ತೊಟ್ಟಿಕ್ಕುತ್ತಿದ್ದರೂ ಅವನಿಗೆ ಅದರ ಪರಿವೆ ಇರಲಿಲ್ಲ.

"ನನ್ ಮಗಳು ಕುಣೀತಾಳೆ, ನಂಗೊಬ್ನಿಗೆ ಹೇಳಲ್ಲ, ಅಲ್ವಾ?"

"ಕುಡ್ದಿದೀಯ ರೂಡೊ. ಈಗ ಹೋಗು. ನಾಳೆ ನೆಟ್ಟಗೆ ಬಾ," ಎಂದಳು ಒಟೀಲಿಯಾ.

"ಏನ್ ಅತ್ತೆ, ಗಂಡನ್ನ ನುಂಗಿ ನೀರು ಕುಡಿದ್ರಿ, ಈಗ ಅಳಿಯನ್ನೂ ನುಂಗೋ ಲೆಕ್ಕಾನಾ?"

ಮೇಜಿನ ಮೇಲಿದ್ದುದನ್ನೆಲ್ಲ ಒಂದೇ ಸಲಕ್ಕೆ ನೆಲಕ್ಕೆ ಬಳಿದು, ಬೂಟುಗಾಲಿನಲ್ಲಿ ಹೊಸಕಿದ. ಅಡ್ಡ ಬಂದ ಬ್ಲಾಜೆನಾಳ ಜುಟ್ಟು ಹಿಡಿದು ಅವಳ ಮುಖವನ್ನು ಮೇಜಿನ ಅಂಚಿಗೆ ಅಪ್ಪಳಿಸಿದ. ಮತ್ತೆ ಅಪ್ಪಳಿಸಿದ. ಮೂಗಿನ ಎಲುಬು ಮುರಿದದ್ದು ಎಲ್ಲರಿಗೂ ಕೇಳಿಸಿತು. ಮಗು ಮೇಜಿನ ಕೆಳಗೆ ತೂರಿಕೊಂಡಿತು.

ಓವನ್ನಿನಲ್ಲಿ ಬಿಸ್ಕತ್ತಿನ ಕೊನೆಯ ತಟ್ಟೆ ಬೇಯುತ್ತಿತ್ತು. ಒಟೀಲಿಯಾ ಬಟ್ಟೆಯಿಂದ ಅದನ್ನು ಹೊರಗೆಳೆದು, ಎರಡೂ ಕೈಯಲ್ಲಿ ಹಿಡಿದು ಅಳಿಯನ ಕೆನ್ನೆಗೆ ಬಡಿದಳು. ಚರ್ಮ ಚುರ್ರೆಂದಿತು. ಅವನು ಊಳಿಡುತ್ತ ಬ್ಲಾಜೆನಾಳನ್ನು ಬಿಟ್ಟು ಅತ್ತೆಯ ಬಾಯಿಗೆ ಗುದ್ದಿದ. ಅವಳ ಎರಡು ಹಲ್ಲು ಉದುರಿದವು. ಬಿದ್ದವಳ ಮುಂಗೈಯನ್ನು ತುಳಿದ, ಅದು ಲಟಕ್ಕನೆ ಮುರಿಯಿತು. ಅವಳ ಇನ್ನೊಂದು ಕೈಗೆ ನೆಲದ ಮೇಲಿದ್ದ ಲಟ್ಟಣಿಗೆ ಸಿಕ್ಕಿತು.

ಮೊದಲ ಏಟು ಮಂಡಿಗೆ ಬಿತ್ತು. ರೂಡೊ ಕುಸಿದ. ಅಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಅವಳು ನಿಲ್ಲಿಸಲಿಲ್ಲ. ತಲೆಗೆ ಅಡ್ಡ ಹಿಡಿದ ತೋಳಿಗೆ ಹೊಡೆದಳು, ತೋಳು ಜೋತುಬಿದ್ದ ಮೇಲೆ ದವಡೆಗೆ ಹೊಡೆದಳು. ಅವನು ಅಲುಗಾಡುವುದನ್ನು ಬಿಟ್ಟರೂ ಹೊಡೆಯುತ್ತಲೇ ಇದ್ದಳು. "ತಗೋ ಇಗ್ನಾತ್ಸ್! ತಗೋ! ಇದು ಕಿವೀಗೆ!" ಎಂದು ಹಲ್ಲು ಉದುರಿದ ಬಾಯಿಂದ ರಕ್ತ ಉಗುಳುತ್ತ ಕೂಗುತ್ತಿದ್ದಳು.

ಬ್ಲಾಜೆನಾ ತೆವಳಿಕೊಂಡು ಬಂದು ಅವಳ ಸೊಂಟ ತಬ್ಬಿದಳು. "ಸಾಕಮ್ಮಾ! ಸತ್ತೋಗ್ತಾನೆ! ಅಮ್ಮಾ, ಅದು ಅಪ್ಪ ಅಲ್ಲ!"

ಆಗ ಕೈ ನಿಂತಿತು. ಒಟೀಲಿಯಾ ಸುತ್ತ ನೋಡಿದಳು. ಮೇಜಿನ ಕೆಳಗಿಂದ ಎರಡು ಕಣ್ಣುಗಳು ಅಪ್ಪನನ್ನಲ್ಲ, ಅವಳನ್ನೇ ದಿಟ್ಟಿಸುತ್ತಿದ್ದವು.

ಕೂಗಾಟ ಕೇಳಿದ ಹೆರ್ಮೀನಾ ಪೊಲೀಸರನ್ನು ಕರೆಸಿದ್ದಳು. ರೂಡೊ ಬದುಕಿದ.

ಬ್ಯಾಲೆಗೆ ಹೋಗುವುದು ಬೇಡವೆಂದು ಎಲ್ಲರೂ ಅಂದರು. ಡೊರೊಟ್ಕಾ ಮಾತ್ರ, "ನಾನು ಹೋಗ್ಲೇಬೇಕು, ಸಾಲಲ್ಲಿ ನನ್ ಜಾಗ ಖಾಲಿ ಆಗ್ಬಿಡುತ್ತೆ," ಎಂದು ಹಟ ಹಿಡಿಯಿತು. ಪರದೆ ಸರಿದಾಗ ಮಗು ಒಂದು ಗಳಿಗೆ ಕಂಬದಂತೆ ನಿಂತುಬಿಟ್ಟಿತು, ಆಮೇಲೆ ಉಳಿದವರ ಜೊತೆ ಕಾಲು ಎತ್ತಿತು. ಕೈಗೆ ಪ್ಲಾಸ್ಟರು ಸುತ್ತಿಸಿಕೊಂಡ ಒಟೀಲಿಯಾ ಚಪ್ಪಾಳೆ ತಟ್ಟಲಾಗದೆ ತೊಡೆ ತಟ್ಟಿದಳು.

ಹೆರ್ಮೀನಾ ಬೆಳಿಗ್ಗೆ ಬೇಗನೆದ್ದು ಹೊಸದಾಗಿ ಬಿಸ್ಕತ್ತು ಸುಟ್ಟು, ಲಂಗ ಬರೆದು ಡಬ್ಬಿ ತುಂಬ ತಂದಿದ್ದಳು. ಕುಣಿತ ಮುಗಿದ ಮೇಲೆ ಒಟೀಲಿಯಾ ಒಂದನ್ನು ಮೊಮ್ಮಗಳತ್ತ ಚಾಚಿದಳು. ಮಗು ಹಿಂದೆ ಸರಿದು ಅಮ್ಮನ ಕೋಟಿಗೆ ಮುಖ ಒತ್ತಿಕೊಂಡಿತು. ಅದೇ ಬಿಸ್ಕತ್ತನ್ನು ಬ್ಲಾಜೆನಾ ಕೊಟ್ಟಾಗ ತಿಂದಿತು.

ಅದು ಒಟೀಲಿಯಾಳನ್ನು ಹಲ್ಲು ಹೋದದ್ದಕ್ಕಿಂತ ಹೆಚ್ಚು ನೋಯಿಸಿತು.

ವಸಂತದಲ್ಲಿ ರೂಡೊನಿಗೆ ಜೈಲಾಯಿತು. ಅವಳದು ಆತ್ಮರಕ್ಷಣೆಯೆಂದು ಬಿಟ್ಟರು. "ಬಿದ್ದವನನ್ನು ಹೊಡೆದದ್ದು ತಪ್ಪು," ಎಂದು ನ್ಯಾಯಾಧೀಶೆ ಗದರಿದಾಗ ಒಟೀಲಿಯಾ ಹೌದೆಂದು ತಲೆಯಾಡಿಸಿದಳು.

ಒಂದು ಬೆಳಿಗ್ಗೆ ಶಾಲೆಗೆ ಹೊರಡುವಾಗ ಡೊರೊಟ್ಕಾ ಹೊಸ್ತಿಲಲ್ಲೇ ನಿಂತು ಕೇಳಿತು: "ಅಜ್ಜಿ, ನಂಗೂ ಹೊಡೀತೀಯಾ?"

"ಇಲ್ಲ."

"ಕೋಪ ಬಂದ್ರೆ?"

"ಅಂಗಳಕ್ಕೆ ಹೋಗ್ತೀನಿ."

"ಹಿಮ ಬೀಳ್ತಿದ್ರೆ?"

"ಬೀಳ್ತಿದ್ರೂ."

ಮಗು ಮೆಟ್ಟಿಲ ಮೇಲೆ ಕುಳಿತು, ಬೂಟಿನ ದಾರ ಕಟ್ಟೆಂದು ಒಂದು ಕಾಲನ್ನು ಅಜ್ಜಿಯತ್ತ ನೀಡಿತು.