ಹಳೇ ಕಾರಿನ ದೀಪಕ್ಕೆ ಎಷ್ಟು ಚೀಲ ಭತ್ತ?

ನಮ್ಮನೆಯವರು ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ಮಲಗಿದರೆ ಊಟದ ಹೊತ್ತು ಮೀರಿದ್ದೂ ಅವರಿಗೆ ತಿಳಿಯುವುದಿಲ್ಲ. ಅಷ್ಟು ಒಳ್ಳೆಯ ಮೆಕ್ಯಾನಿಕ್. ಆದರೆ ಬೆಲೆ ಹೇಳುವ ಬಾಯಿ ಅವರಿಗಿಲ್ಲ. ಗಿರಾಕಿ ಮುಖ ಸಣ್ಣದು ಮಾಡಿದರೆ ಸಾಕು, ‘ಇರ್ಲಿ, ತಗೊಂಡ್ ಹೋಗಿ’ ಅಂದುಬಿಡುತ್ತಾರೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಒಂದು ಇಡೀ ಗೇರ್‌ಬಾಕ್ಸನ್ನು ಎರಡು ಹಲಸಿನಹಣ್ಣಿಗೆ ಕೊಟ್ಟು ಬಂದರು. ಹಣ್ಣು ಚೆನ್ನಾಗಿತ್ತು, ಅದು ಬೇರೆ ಮಾತು. ಅಂದಿನಿಂದ ರಿಪ್ಪನ್‌ಪೇಟೆಯ ನಮ್ಮ ಹಳೇ ಕಾರು ಸಾಮಾನಿನ ಅಂಗಡಿಯಲ್ಲಿ ಬಿಚ್ಚುವುದು ಅವರ ಕೆಲಸ, ಬೆಲೆ ಕಟ್ಟುವುದು ನನ್ನದು.

ಹೊಸ ಸಾಮಾನಾದರೆ ಡಬ್ಬದ ಮೇಲೆಯೇ ಬೆಲೆ ಅಚ್ಚಾಗಿರುತ್ತದೆ. ಎಪ್ಪತ್ತು ಎಂಬತ್ತು ವರ್ಷ ಹಳೆಯ ಕಾರಿನ ಸ್ಟೀರಿಂಗಿಗೆ ಯಾರು ಅಚ್ಚು ಹಾಕುತ್ತಾರೆ? ಮಾರುವವರಿಗೆ ಅದು ಅಜ್ಜನ ಆಸ್ತಿ, ಕೊಳ್ಳುವವರಿಗೆ ಗುಜರಿ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ, ಅದೇ ಕಷ್ಟ. ನಾನು ಮೊದಲು ಕೇಳುವುದು, ಇದು ಓಡುವ ಕಾರಿಗೋ, ಗೋಡೆಗೋ ಎಂದು. ತೀರ್ಥಹಳ್ಳಿ ಸಾಗರದ ಕಡೆಯ ಹೋಂಸ್ಟೇಗಳವರು ಹಳೇ ಹಾರ್ನು, ಚಕ್ರ ಎಲ್ಲವನ್ನೂ ಗೋಡೆಗೆ ಹೊಡೆಯಲು ಒಯ್ಯುತ್ತಾರೆ. ಅವರಿಗೆ ನನ್ನ ಬೆಲೆ ಮೂರು ಪಟ್ಟು. ‘ಇದು ನ್ಯಾಯವಾ?’ ಎಂದು ನಮ್ಮನೆಯವರು ಗೊಣಗುತ್ತಾರೆ. ಗೋಡೆ ಎಲ್ಲಿಗೂ ಹೋಗಬೇಕಾಗಿಲ್ಲ, ರಸ್ತೆಯಲ್ಲಿ ಕೆಟ್ಟು ನಿಲ್ಲುವುದೂ ಇಲ್ಲ. ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಇನ್ನೊಂದು ನನ್ನ ಹಟ. ಮೊದಲ ಸಲ ನೋಡಿದಾಗ ಬಾಯಿ ಬಿಟ್ಟು ಬೆಲೆ ಹೇಳುವುದಿಲ್ಲ. ಆಮೇಲೆ ಹೇಳುವಾಗ ಮಾರುವವರನ್ನೂ ಕೊಳ್ಳುವವರನ್ನೂ ಎದುರುಬದುರು ಕೂರಿಸಿಯೇ ಹೇಳುತ್ತೇನೆ, ನನ್ನ ಕಮಿಷನ್ನನ್ನೂ ಅಲ್ಲೇ ಹೇಳುತ್ತೇನೆ. ಇದು ದೊಡ್ಡ ಪೇಟೆಯಲ್ಲ. ಕೊಟ್ಟವರು, ಕೊಂಡವರು ಇಬ್ಬರೂ ನಾಳೆ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಕೂರುವವರು. ಅವರು ಅಲ್ಲಿ ಮಾತಾಡಿಕೊಂಡು ನನಗೆ ಶಾಪ ಹಾಕುವುದು ಬೇಡ.

ಮೇಳಿಗೆ ಊರಿನ ಕಡೆಯ ಅಜ್ಜಿಯೊಬ್ಬರು ಕರೆಸಿದ್ದು ಕಳೆದ ಬೇಸಿಗೆಯಲ್ಲಿ. ಹೋಗಿ ನೋಡಿದರೆ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಎರಡು ಕಾರಿನ ದೀಪ. ಬಾಣಲೆಯಷ್ಟು ದೊಡ್ಡವು, ಹೊಗೆ ಹಿಡಿದು ಕಪ್ಪು ಕಪ್ಪು. ಹೊರಗಿನವರಾದರೆ ಸುಟ್ಟ ಸಾಮಾನು ಎಂದು ಮೂಗು ಮುರಿಯುತ್ತಿದ್ದರು. ನಮ್ಮ ಕಡೆಯ ಮಳೆಗೆ ಲೋಹ ಉಳಿಯಬೇಕಾದರೆ ಒಲೆಯ ಹೊಗೆಗಿಂತ ಒಳ್ಳೆಯ ಜಾಗವಿಲ್ಲ ಎಂದು ನಮಗೆ ಗೊತ್ತು. ನಮ್ಮನೆಯವರು ಹಿಂಬದಿಯನ್ನು ಉಗುರಿನಿಂದ ಕೆರೆದರು. ಜಿಡ್ಡಿನ ಕೆಳಗೆ ಬೆಳ್ಳಿಯಂತೆ ನಿಕ್ಕಲ್ ಲೇಪ, ಒಂದು ಕಲೆಯಿಲ್ಲ. ಗಾಜೂ ಮೂಲದ್ದೇ. ಅವರು ಕಣ್ಣರಳಿಸಿ ನನ್ನ ಕಡೆ ತಿರುಗಿದರು. ನಾನು ಅವರ ಕಾಲು ಮೆಟ್ಟಿದೆ, ಎಲ್ಲಿ ಬಾಯಿ ಬಿಡುತ್ತಾರೋ ಎಂದು.

ಅಜ್ಜಿ ನೆಲದ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ಕಥೆ ಹೇಳಿದರು. ಅವರ ಗಂಡ ಗೇಣಿಗೆ ಉಳುತ್ತಿದ್ದವರು, ಜೊತೆಗೆ ಒಡೆಯರ ಕಾರು ತೊಳೆಯುವ ಕೆಲಸ. ಕಾರು ಪೂರ್ತಿ ಕೆಟ್ಟು ಬಿಚ್ಚಿ ಹಾಕಿದ ವರ್ಷ ಒಡೆಯರು ಕೇಳಿದರಂತೆ, ವರ್ಷದ ಸಂಬಳ ಇಪ್ಪತ್ತು ಚೀಲ ಭತ್ತ ಬೇಕೋ, ಈ ಎರಡು ದೀಪ ಬೇಕೋ ಎಂದು. ತಮಾಷೆಗೆ ಕೇಳಿದ್ದಿರಬೇಕು. ಈ ಮಹಾರಾಯರು ದೀಪ ಹೊತ್ತುಕೊಂಡು ಮನೆಗೆ ಬಂದರು.

‘ಆ ವರ್ಷ ನಾವು ಗೆಣಸು ತಿಂದು ಬದುಕಿದ್ವಿ’ ಎಂದರು ಅಜ್ಜಿ. ‘ಊರೆಲ್ಲ ನಗಾಡ್ತು. ನಾನಂತೂ ಅವ್ರು ಸಾಯೋವರೆಗೂ ಬೈದೆ. ಈಗ ಮಕ್ಕಳು ಚೆನ್ನಾಗಿ ಅದಾರೆ, ಜಮೀನು ನಮ್ದೇ ಆಗೈತೆ, ದುಡ್ಡೇನೂ ಬ್ಯಾಡ ನಂಗೆ. ನೀವು ನ್ಯಾಯವಾಗಿ ಬೆಲೆ ಕಟ್ತೀರಿ ಅಂತಾರಲ್ಲ, ಇದ್ಕೆ ಎಷ್ಟು ಚೀಲ ಭತ್ತ ಬರ್ತೈತೆ ಅಷ್ಟು ಹೇಳಿ. ಇಪ್ಪತ್ತು ಬಂದ್ರೆ ಅವ್ರು ದಡ್ಡರಲ್ಲ. ಬರ್ದಿದ್ರೆ ನಾನು ಬೈದಿದ್ದು ಸರಿ.’

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹೀಗೆ ಬೆಲೆ ಕೇಳಿರಲಿಲ್ಲ. ಹೇಳಿಬಿಡಬೇಕು ಎಂದು ನಾಲಿಗೆ ತುರಿಸಿತು. ಆದರೂ ಹಟ ಬಿಡಲಿಲ್ಲ. ‘ಕೊಳ್ಳೋರನ್ನ ಕರ್ಕೊಂಡು ಬರೋ ವಾರ ಬರ್ತೀನಿ ಅಜ್ಜಿ, ಆವಾಗ ಹೇಳ್ತೀನಿ’ ಎಂದು ಫೋಟೋ ತೆಗೆದುಕೊಂಡು ಬಂದೆ.

ಕೊಳ್ಳುವವರು ಯಾರೆಂದು ನನಗೆ ಆಗಲೇ ಹೊಳೆದಿತ್ತು. ಬ್ಯಾಕೋಡಿನ ಕಡೆಯ ಒಬ್ಬ ಮೇಷ್ಟರ ಬಳಿ ಅದೇ ಕಂಪನಿಯ ಕಾರಿದೆ. ಓಡುವ ಕಾರು. ದೀಪ ಸಿಗದೆ ಟ್ರ್ಯಾಕ್ಟರಿನ ಲೈಟು ಸಿಕ್ಕಿಸಿಕೊಂಡು ಓಡಾಡುತ್ತಿದ್ದರು, ಮಕ್ಕಳೆಲ್ಲ ಅದನ್ನು ನೋಡಿ ಆಡಿಕೊಳ್ಳುತ್ತಿದ್ದರಂತೆ. ಅವರಿಗೆ ಫೋಟೋ ಕಳಿಸಿ, ಲೇಪದ ವಿಷಯವನ್ನೂ ತಿಳಿಸಿದೆ. ನೋಡಿದವರೇ ಫೋನು ಮಾಡಿ, ಕೊಡಬಲ್ಲ ಮೊತ್ತ ಹೇಳಿದರು. ನಾನು ನಾಲ್ಕು ಕಡೆ ವಿಚಾರಿಸಿ ಇಟ್ಟುಕೊಂಡಿದ್ದ ಬೆಲೆಗೂ ಅದಕ್ಕೂ ಹೆಚ್ಚು ಅಂತರವಿರಲಿಲ್ಲ. ಮಿಲ್ಲಿನಲ್ಲಿ ಭತ್ತದ ದರ ಕೇಳಿ ಭಾಗಿಸಿದೆ. ಇಪ್ಪತ್ತೈದು ಚೀಲ! ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಆ ಕಾರು ತೊಳೆಯುವ ಮನುಷ್ಯನನ್ನು ನಾನು ನೋಡಿದವಳಲ್ಲ. ಆದರೂ ನಮ್ಮವರೇ ಗೆದ್ದಷ್ಟು ಖುಷಿಯಾಯಿತು.

ಮುಂದಿನ ವಾರ ಮೇಷ್ಟರನ್ನು ಕರೆದುಕೊಂಡು ಮೇಳಿಗೆಗೆ ಹೋದೆವು. ಅಜ್ಜಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಜಗಲಿಯಲ್ಲಿ ಕಾಯುತ್ತಿದ್ದರು. ಪಕ್ಕದಲ್ಲಿ ಮಣೆ, ಮಣೆಯ ಮೇಲೆ ಎರಡು ದೀಪ. ಅವು ಝಗಝಗ ಹೊಳೆಯುತ್ತಿದ್ದವು. ಬೆಳ್ಳಿಯಂತಲ್ಲ, ಹಿತ್ತಾಳೆಯ ಹಾಗೆ ಹಳದಿಯಾಗಿ.

‘ಕೊಳ್ಳೋರು ಬರ್ತಾರೆ ಅಂದ್ರಲ್ಲ, ಕಪ್ಪು ಸಾಮಾನು ಹೆಂಗೆ ತೋರ್ಸದು?’ ಎಂದರು ಅಜ್ಜಿ ಹೆಮ್ಮೆಯಿಂದ. ‘ಹುಣಸೇಹಣ್ಣು, ಬೂದಿ ಹಾಕಿ ತೆಂಗಿನ ನಾರಲ್ಲಿ ದಿನಾ ತಿಕ್ಕಿದೆ. ಮೇಲೆ ಎಂತೋ ಬಿಳೀದು ಕಚ್ಕೊಂಡಿತ್ತು, ಬಿಡ್ತಾನೇ ಇರ್ಲಿಲ್ಲ. ಮೂಲೆಲೂ ಬಿಡದೆ ತೆಗ್ದೆ ನೋಡಿ.’

‘ಅಯ್ಯೋ ಅಜ್ಜಿ! ಎಂಥಾ ಕೆಲ್ಸ ಮಾಡಿದ್ರಿ!’ ಎಂದು ಕೂಗಿಬಿಟ್ಟೆ. ಬೆಲೆಯ ವಿಷಯ ಬಿಟ್ಟರೆ ನನ್ನ ಬಾಯಿಗೆ ಬೀಗವಿಲ್ಲ. ಹಬ್ಬಕ್ಕೆ ದೇವರ ದೀಪ ಬೆಳಗುವ ಹಾಗೆ ಕಾರಿನ ದೀಪ ಬೆಳಗುವುದು ನಮ್ಮ ಕಡೆಯ ಹೆಂಗಸರಿಗೆ ಮಾತ್ರ ಸಾಧ್ಯ. ನನ್ನ ತಾಯಿಯಾಗಿದ್ದರೂ ಅದನ್ನೇ ಮಾಡುತ್ತಿದ್ದಳು. ಆ ‘ಬಿಳೀದು’ ಹಿತ್ತಾಳೆಯ ಮೇಲಿನ ನಿಕ್ಕಲ್ ಲೇಪ. ಬೆಲೆಯ ಅರ್ಧ ಇದ್ದದ್ದೇ ಅದರಲ್ಲಿ.

ಮೇಷ್ಟರು ದೀಪವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಮತ್ತೆ ಲೇಪ ಹಾಕಿಸಬೇಕೆಂದರೆ ದೂರದ ಪೇಟೆಗೆ ಕಳಿಸಬೇಕು, ಅದರ ಖರ್ಚು ಬೇರೆ. ಹಾಕಿಸಿದರೂ ಮೂಲದ್ದು ಮೂಲದ್ದೇ. ಅಲ್ಲೇ ಕೂತು ಅದನ್ನೆಲ್ಲ ಕಳೆದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎಷ್ಟು ಎಳೆದಾಡಿದರೂ ಹದಿನಾಲ್ಕು ಚೀಲದ ಮೇಲೆ ಹತ್ತಲಿಲ್ಲ.

ತಾನು ಪಟ್ಟ ಶ್ರಮಕ್ಕೆ ನಾನು ಕೂಗಿದೆನೆಂದುಕೊಂಡ ಅಜ್ಜಿ ನಗುತ್ತಲೇ ನೀರು ತರಲು ಒಳಗೆ ಹೋದಾಗ ನಮ್ಮನೆಯವರು ಪಿಸುಗುಟ್ಟಿದರು, ‘ಇಪ್ಪತ್ತೈದು ಅಂದ್ಬಿಡೇ. ಉಳಿದಿದ್ದು ನಾವೇ ಹಾಕಣ.’ ಗೇರ್‌ಬಾಕ್ಸನ್ನು ಹಲಸಿನಹಣ್ಣಿಗೆ ಕೊಟ್ಟ ಜೀವ, ಇನ್ನೇನು ಹೇಳೀತು! ಅವರ ಮೇಲೆ ಪ್ರೀತಿಯೂ ಬಂತು, ಸಿಟ್ಟೂ ಬಂತು. ಅಜ್ಜಿ ಕೇಳಿದ್ದು ದುಡ್ಡನ್ನಲ್ಲ, ಬೆಲೆಯನ್ನು. ಕೈಯಿಂದ ತುಂಬಿಸಿ ಕೊಟ್ಟರೆ ಅದು ಬೆಲೆಯಾಗುವುದಿಲ್ಲ. ಆದರೆ ಹದಿನಾಲ್ಕು ಎಂದಷ್ಟೇ ಹೇಳಿದರೆ, ಇನ್ನು ಉತ್ತರ ಕೊಡಲು ಬಾರದ ಒಬ್ಬ ಮನುಷ್ಯ ದಡ್ಡನೆಂದು ಖಾಯಂ ಆಗಿಬಿಡುತ್ತಾನೆ.

ಅಜ್ಜಿ ಬಂದು ಎದುರಿಗೆ ಕೂತರು. ‘ಎಷ್ಟು ಚೀಲ?’ ಎಂದರು.

‘ಈಗ ಹದಿನಾಲ್ಕು ಅಜ್ಜಿ’ ಎಂದೆ. ಅವರ ಮುಖ ಬಾಡಿತು. ನಾನು ನಿಲ್ಲಿಸದೆ ಮುಂದುವರಿಸಿದೆ. ‘ಹೋದ ವಾರ ಅಟ್ಟದ ಮೇಲಿದ್ದಾಗ ಇಪ್ಪತ್ತೈದಿತ್ತು. ನೀವು ತಿಕ್ಕಿ ತೆಗ್ದಿದ್ದು ಕೊಳೆ ಅಲ್ಲ, ಅದರ ಬೆಲೆ. ಬೇಕಾದ್ರೆ ಇವ್ರನ್ನೇ ಕೇಳಿ.’

ಮೇಷ್ಟರು ಹೌದೆಂದು ತಲೆಯಾಡಿಸಿದರು. ಹೋದ ವಾರ ತಾನೇ ಅಷ್ಟು ಕೊಡಲು ಒಪ್ಪಿದ್ದೆನೆಂದು ಹೇಳಿ, ನಾನು ಕಳಿಸಿದ್ದ ಫೋಟೋವನ್ನು ಫೋನಿನಲ್ಲಿ ತೋರಿಸಿದರು. ಅಜ್ಜಿ ಫೋನನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ಕಪ್ಪು ದೀಪವನ್ನು ಬಹಳ ಹೊತ್ತು ನೋಡಿದರು. ಅಳುತ್ತಾರೇನೋ ಎಂದುಕೊಂಡೆ.

‘ಹಂಗಾರೆ ಅವ್ರು ತಂದಿದ್ದು ಇಪ್ಪತ್ತೈದು’ ಎಂದರು ನಿಧಾನವಾಗಿ. ‘ಐದು ಚೀಲ ಜಾಸ್ತಿನೇ ತಂದಿದ್ರು. ಹಾಳು ಮಾಡಿದ್ದು ನಾನು.’

‘ನಿಮಗೆ ಗೊತ್ತಿರಲಿಲ್ಲವಲ್ಲ ಅಜ್ಜಿ’ ಎಂದು ನಾನು ಸಮಾಧಾನಕ್ಕೆ ಹೊರಟೆ. ಅವರಿಗೆ ನನ್ನ ಸಮಾಧಾನ ಬೇಕಾಗಿರಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದ್ದರು, ಕಣ್ಣಲ್ಲಿ ನೀರು ಬರುವಷ್ಟು. ಹಿತ್ತಲಲ್ಲಿದ್ದ ಸೊಸೆಯನ್ನು ಕೂಗಿ ಕರೆದರು.

‘ಬಾರೇ ಇಲ್ಲಿ! ನಿಮ್ಮ ಮಾವ ದಡ್ಡರಲ್ಲಂತೆ ಕಣೇ. ದಡ್ಡಿ ನಾನಂತೆ!’

ಅಷ್ಟು ಸಂತೋಷದಿಂದ ತನ್ನನ್ನು ತಾನೇ ದಡ್ಡಿ ಎಂದುಕೊಂಡವರನ್ನು ನಾನು ಬೇರೆಲ್ಲೂ ನೋಡಿಲ್ಲ.